ಗೇಣುದ್ದ ಎಡಕ್ಕೆ

ನೋಡಲು ಬಂದ ಗಂಡು ಹುಲ್ಲಿನಲ್ಲಿ ಕಟ್ಟಿದ ಹಂದಿಗೊಂಬೆಯ ಕಣ್ಣಿಗೆ ಬೇಟೆಬಾಣ ನೆಟ್ಟರೆ ಸಂಜೆಯೇ ತಾಳಿ ಎಂದು ಅಪ್ಪ ಸಾರಿಬಿಟ್ಟಿದ್ದ. ಮಗಳು ಬೇಡವೆಂದದ್ದು ಯಾರ ಕಿವಿಗೂ ಬೀಳಲಿಲ್ಲ. ಆ ಮನೆಯಲ್ಲಿ ಬಾಣಕ್ಕೆ ಗರಿ ಕಟ್ಟುವವಳು ಮಾತ್ರ ಅವಳೇ.

"ಸಣ್ಣ ಮೊನೆ ಹಾಕಿದ್ರೆ ನೆಟ್ಟಗೆ ಹೋಯ್ತದೆ. ಬೇಟೆಯ ಅಗಲದ ಅಲಗು ಹಾಕಿದ್ರೆ ಗೇಣುದ್ದ ಎಡಕ್ಕೆ ಎಳೀತದೆ. ಸರಿ ಮಾಡವ್ವ" ಎಂದ ಅಪ್ಪ.

ಅವಳು ಗರಿ ಬಿಚ್ಚಿ, ಮೊದಲಿದ್ದ ಹಾಗೆಯೇ ಮತ್ತೆ ಕಟ್ಟಿದಳು.

"ಸರಿಹೋಯ್ತಾ?"

"ಹೂಂ, ಇನ್ನು ನೆಟ್ಟಗೆ ಹೋಯ್ತದೆ."

ಗಂಡು ಬಿಲ್ಲೆಳೆದ. ಬಾಣ ಹಂದಿಯ ಕಣ್ಣಿನಲ್ಲೇ ನಾಟಿತು. ಓಲಗ ಶುರುವಾಯಿತು.

ತಾಳಿ ಕಟ್ಟಲು ಬಗ್ಗಿದವನು ಅವಳ ಕಿವಿಯ ಬಳಿ ಪಿಸುಗುಟ್ಟಿದ.

"ಬಾಣ ಸರಿಯಾಗಿದೆ ಅಂದ್ರು ನಿಮ್ಮಪ್ಪ. ತಪ್ಪಿಹೋಗ್ಲಿ ಅಂತ್ಲೇ ನಾನು ಕಣ್ಣಿಗಿಂತ ಗೇಣುದ್ದ ಬಲಕ್ಕೆ ಗುರಿ ಇಟ್ಟಿದ್ದೆ."