ಪುಟ್ಟಿ ಗುಡಿಸಿದ್ದು

ಮಹಿಳಾ ಸಮಾಜದ ಅಧ್ಯಕ್ಷೆಯ ಕುರ್ಚಿಯ ಮೇಲೆ ಮೃದುಲಾಳ ಕಣ್ಣು ಬಿದ್ದಿತ್ತು. ಹಾಗಾಗಿ ಹಿರಿಯ ಸದಸ್ಯೆಯರನ್ನು ಕಾಫಿಗೆ ಕರೆದು, ಚಕ್ಕುಲಿಯ ಜೊತೆ ಸಮಾನತೆಯ ಮಾತನ್ನೂ ಧಾರಾಳವಾಗಿ ಬಡಿಸುತ್ತಿದ್ದಳು.

“ನಮ್ಮನೇಲಿ ಮೇಲುಕೀಳು ಅನ್ನೋದೇ ಇಲ್ಲ ಕಣ್ರೀ. ಮಗಳ ಕೈಗೂ ಪೊರಕೆ ಕೊಟ್ಟಿದೀನಿ.”

ನಾಲ್ಕು ವರ್ಷದ ಪುಟ್ಟಿ ಟವೆಲನ್ನೇ ಸೆರಗು ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡಿಸುತ್ತಿದ್ದಳು. ಕಸವೆಲ್ಲ ಹಿರಿಯರ ರೇಷ್ಮೆ ಸೀರೆಗಳ ಮೇಲೆ ಹಾರಿತು. ಅವರು ಅದಕ್ಕೂ ಚಪ್ಪಾಳೆ ತಟ್ಟಿದರು.

“ಯಾರೇ ನೀನು?” ಎಂದರು ಒಬ್ಬರು.

“ಕೆಲಸದ ದೇವೀರಮ್ಮ.”

ಮೃದುಲಾ ಹಿಗ್ಗಿ, ಹಾಲು ತುಂಬಿದ ಬೆಳ್ಳಿ ಲೋಟ ಚಾಚಿದಳು. “ಸುಸ್ತಾಯ್ತಾ ದೇವೀರಮ್ಮ? ಬಾ, ಕೂತ್ಕೊಂಡು ಕುಡಿ.”

ಪುಟ್ಟಿ ಹಿತ್ತಿಲ ಬಾಗಿಲಾಚೆ ಹೋಗಿ ನಿಂತಳು.

“ಬ್ಯಾಡಿ ಅಮ್ಮಾವ್ರೇ, ಅದನ್ನ ಮುಟ್ಟಿದ್ರೆ ಬೈತೀರ. ನನ್ ಲೋಟ ಕಕ್ಕಸಿನ ಕಿಟಕೀಲಿ ಐತೆ, ಅದ್ಕೆ ಮೇಲಿಂದ ಹಾಕಿ.”