ಚತುರ್ದಶಿಗೆ ಕೆಡುವ ಕಾರು

“ಹೋದ ಸಲ ಲೈಟು ಇಲ್ಲೇ ಆರಿದ್ದು ನೋಡಪಾ!” ಕೃಷ್ಣಾ ಸೇತುವೆ ಕಂಡದ್ದೇ ಶ್ರೇಣಿಕರು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದರು.

ಪಕ್ಕದಲ್ಲಿದ್ದ ಮಾಳಸಿದ್ದ ಕೈಯಲ್ಲಿನ ಟೆಸ್ಟ್ ಬಲ್ಬು ನೋಡಿದ. ಬ್ಯಾಟರಿಯಿಂದ ವೈರು ಎಳೆದು ಅವನೇ ಜೋಡಿಸಿದ್ದು. ಉರಿಯುತ್ತಿತ್ತು. ಕಾರು ಸೇತುವೆ ದಾಟಿತು. ಇಬ್ಬರೂ ಉಸಿರು ಬಿಟ್ಟರು.

ಹಾರೂಗೇರಿಯಲ್ಲಿ ಕಾರಿನ ವೈರಿಂಗ್ ಕೆಲಸಕ್ಕೆ ಮಾಳಸಿದ್ದನೇ ಆಗಬೇಕು. ಆ ಹೆಸರನ್ನು ಈ ಕಾರು ಮಣ್ಣುಪಾಲು ಮಾಡಿತ್ತು. ಓಡುತ್ತ ಓಡುತ್ತ ಮೀಟರಿನ ದೀಪ ಆರುತ್ತದೆ, ಹೆಡ್‌ಲೈಟು ಹೋಗುತ್ತದೆ, ಹಾರ್ನ್ ಒತ್ತಿದರೆ ಸದ್ದಿಲ್ಲ. ಬದಿಗೆ ನಿಲ್ಲಿಸಿ ತುಸು ಹೊತ್ತು ಕೂತರೆ ಎಲ್ಲ ಸರಿ. ಶ್ರೇಣಿಕರು ಹೇಳುವುದು ಇಷ್ಟು. ಮಾಳಸಿದ್ದ ಬ್ಯಾಟರಿಯ ಟರ್ಮಿನಲ್ ಉಜ್ಜಿದ. ಅರ್ಥ್ ವೈರು, ಫ್ಯೂಜು, ಕೀಲಿಯ ಸ್ವಿಚ್ಚು ಹೊಸದು ಹಾಕಿದ. ವಾರಗಟ್ಟಲೆ ತಾನೇ ಓಡಿಸಿದ; ಬಂಗಾರದಂತೆ ನಡೆಯಿತು. ವಾಪಸು ಕೊಟ್ಟ ಮೇಲೆ ಮತ್ತೆ ಅದೇ ರಾಗ.

ಕೆಡುವುದಾದರೂ ಯಾವಾಗ? ಅಷ್ಟಮಿಗೆ, ಇಲ್ಲವೇ ಚತುರ್ದಶಿಗೆ! ಇದನ್ನು ಗುರುತಿಸಿದ್ದು ಶ್ರೇಣಿಕರ ಹೆಂಡತಿ ಚಂದ್ರಮತಿ. ಅಂದಿನಿಂದ ಆಕೆ ಕಾರು ಹತ್ತಿಲ್ಲ. “ವೈರಿಗೆ ಪಂಚಾಂಗ ತಿಳೀತೈತೇನ್ರಿ ಅಕ್ಕಾರ?” ಎಂದು ಮಾಳಸಿದ್ದ ಆಗ ನಕ್ಕಿದ್ದ. ಈಗ ನಗು ಬರುತ್ತಿರಲಿಲ್ಲ. ಇವತ್ತು ಅಂಗಿಯ ಜೇಬಿನಲ್ಲಿ ಬೀರಪ್ಪ ದೇವರ ಅರಿಸಿನ ಭಂಡಾರದ ಪೊಟ್ಟಣ ಇಟ್ಟುಕೊಂಡೇ ಬಂದಿದ್ದ.

ಇವತ್ತು ಚತುರ್ದಶಿ. ನಾಳೆ ಅಮಾವಾಸ್ಯೆ, ಬಸುರಿ ಮಗಳನ್ನು ಅಮಾವಾಸ್ಯೆಯ ದಿನ ತವರಿಗೆ ಕರೆತರುವುದುಂಟೇ? ದಿನ ತುಂಬುತ್ತ ಬಂದ ನೀಲಮಳನ್ನು ಅಥಣಿಯಿಂದ ಇವತ್ತೇ ಕರೆತರಬೇಕು. ಬಾಡಿಗೆ ಗಾಡಿ ಎಂದರೆ ಶ್ರೇಣಿಕರು ಕಿವಿಗೇ ಹಾಕಿಕೊಳ್ಳಲಿಲ್ಲ. ನಾನಾದರೂ ನಡೆಸುತ್ತೇನೆ ಎಂದ ಮಾಳಸಿದ್ದ.

“ನಿನ್ನ ಕೈಯಾಗ ಅದು ಕೆಡೂದಿಲ್ಲಪಾ. ನಾ ನಡಸಿದ್ರನ ಕೆಡತೈತಿ. ನೀ ಬಾಜೂಕ ಕುಂತು ನೋಡು.”

ಅಥಣಿಯಲ್ಲಿ ಬೀಗರು ಚಹಾ ತಂದರು. ಬೇರೆ ದಿನ ಸಕ್ಕರೆ ಹಾಕದ ಚಹಾ ಕೇಳಿ ಪಡೆಯುವ ಶ್ರೇಣಿಕರು ಕೈ ಮುಗಿದರು. “ಅಷ್ಟಮಿ, ಚತುರ್ದಶಿಗೆ ಉಪಾಸ ಐತ್ರಿ. ನೀರಷ್ಟ.”

ನೀಲಮ ಹಿಂದಿನ ಸೀಟಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಳು. “ಸಾವಕಾಶ ಹೋಗಪಾ” ಅಂದಳು.

ಹೊರಡುವಾಗಲೇ ಹೊತ್ತು ಮುಳುಗುತ್ತಿತ್ತು. ಹೆಡ್‌ಲೈಟು ಹಾಕಿದರು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರು. ಎರಡೆರಡು ಟ್ರೇಲರು, ಒಂದಕ್ಕೂ ಹಿಂದೆ ದೀಪವಿಲ್ಲ. ಮಾಳಸಿದ್ದ ಬಲ್ಬಿನಿಂದ ಕಣ್ಣು ಕೀಳಲಿಲ್ಲ. ಹಿಂದೆ ಎರಡು ಜೀವ ಕೂತಿವೆ. ಈಗ ದೀಪ ಹೋದರೆ ಕಥೆ ಮುಗಿಯಿತು. ಯಾಕಾದರೂ ಒಪ್ಪಿಕೊಂಡೆನೋ ಮಾರಾಯ ಎಂದು ತನ್ನನ್ನೇ ಬೈದುಕೊಂಡ. ಶ್ರೇಣಿಕರ ಹಣೆಯಿಂದಲೂ ಬೆವರು ಇಳಿಯುತ್ತಿತ್ತು. ಪಾಪ, ಅವರಿಗೂ ಹೆದರಿಕೆ.

ಸೇತುವೆ ಬಂತು. ಮಾಳಸಿದ್ದ ಮನಸ್ಸಿನಲ್ಲೇ ಬೀರಪ್ಪನನ್ನು ನೆನೆದ. ಅರ್ಧ ದಾಟಿರಬೇಕು.

“ಹೋತಲೇ ಮಾಳಸಿದ್ದಾ! ಎಲ್ಲಾ ಆರಿತು! ಏನೂ ಕಾಣವಲ್ದು!”

ಕಾರು ಸೇತುವೆಯ ಅಂಚಿನ ಕಟ್ಟೆಯ ಕಡೆ ವಾಲಿತು. ಯೋಚಿಸುವ ಹೊತ್ತಿರಲಿಲ್ಲ. ಮಾಳಸಿದ್ದ ಬಲ್ಬು ಬಿಸುಟು ಒಂದು ಕೈಯಿಂದ ಸ್ಟೇರಿಂಗ್ ತಿರುಗಿಸಿದ, ಇನ್ನೊಂದರಿಂದ ಹ್ಯಾಂಡ್‌ಬ್ರೇಕ್ ಎಳೆದ. ಕಟ್ಟೆಗೆ ಗೇಣು ದೂರದಲ್ಲಿ ಕಾರು ನಿಂತಿತು. ಕೆಳಗೆ ಹೊಳೆ ಹರಿಯುತ್ತಿತ್ತು.

“ಅಪ್ಪಾ, ಲೈಟೆಲ್ಲಾ ಉರಿಯಾಕತ್ತಾವಲ್ಲ!” ನೀಲಮ ಮುಂದಕ್ಕೆ ಬಾಗಿ ತಂದೆಯ ತಣ್ಣಗಾದ ಕೈ ಹಿಡಿದಳು. “ನಿನ್ನ ಕಣ್ಣಿಗೆ ಕತ್ತಲಿ ಬಂತೇನು? ಉಪಾಸದ ದಿನಾನೂ ಶುಗರಿನ ಗುಳಗಿ ನುಂಗತಿ ಏನಪಾ ನೀ?”