ತೊಂಬತ್ತೈದು ಕಿಲೋ

"ಆರು ಕಿಲೋ ಜಾಸ್ತಿ ಆಗ್ತಿದೆ," ಎಂದಳು ದೋಣಿಗಳು ನಿಲ್ಲುವ ಜೆಟ್ಟಿಯ ಕೌಂಟರಿನ ಹುಡುಗಿ, ಫಾರಂ ಮೇಲಿನ ತೂಕಗಳನ್ನೆಲ್ಲ ಎರಡನೇ ಸಲ ಕೂಡಿಸಿ. "ಸೀಪ್ಲೇನ್ ಚಿಕ್ಕದು. ನಿಮ್ಮಲ್ಲಿ ಒಬ್ಬರು ದ್ವೀಪಕ್ಕೆ ದೋಣೀಲಿ ಹೋಗಬೇಕಾಗುತ್ತೆ. ಇಲ್ಲಾಂದ್ರೆ ಎಲ್ಲರೂ ಒಂದ್ಸಲ ಈ ಮಷೀನು ಹತ್ತಿ, ನೋಡೇಬಿಡೋಣ." ಮಷೀನಿನ ಕೆಂಪು ಅಂಕಿಗಳು ಅಂಗೈಯಗಲ ಇದ್ದವು. ಅವುಗಳ ಮುಖವೂ ಬೆಂಚುಗಳ ಕಡೆಗೇ. ಬೆಂಚಿನ ಮೇಲಿದ್ದ ಆರೇಳು ಜನ ಬೇರೆ ಯಾರನ್ನೂ ನೋಡಲಿಲ್ಲ, ಕೌಂಟರಿನ ಮುಂದಿದ್ದ ಮೂವರಲ್ಲಿ ದಪ್ಪಗಿದ್ದ ಅಕ್ಕನನ್ನೇ ನೋಡಿದರು.

ತಮ್ಮ ಆ ಮಷೀನಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಹಿಂದಿನ ಸಂಜೆ ಹೋಟೆಲ್ ರೂಮಿನಲ್ಲಿ ಫಾರಂ ತುಂಬಿದವನು ಅವನೇ. ಅಕ್ಕನ ಹೆಸರಿನ ಮುಂದೆ, ಅವಳನ್ನು ಒಂದು ಮಾತೂ ಕೇಳದೆ, ಕಣ್ಣಂದಾಜಿನಲ್ಲಿ ತೊಂಬತ್ತೈದು ಎಂದು ಗೀಚಿದ್ದ. ದಪ್ಪಗಿದ್ದಾಳೆ, ಅಷ್ಟಂತೂ ಇದ್ದೇ ಇರುತ್ತಾಳೆ ಎಂದು ಒಳಗೊಳಗೇ ನಕ್ಕಿದ್ದೂ ಉಂಟು. ತನ್ನದು ಎಪ್ಪತ್ತೆರಡು. ಅದು ಮದುವೆಯಾದ ವರ್ಷದ ತೂಕ. ಆಮೇಲೆ ಮಷೀನು ಹತ್ತುವ ಗೋಜಿಗೆ ಆಸಾಮಿ ಹೋದವನೇ ಅಲ್ಲ.

ಅಕ್ಕ ಟೇಲರ್. ಮೂವತ್ತು ವರ್ಷದಿಂದ ಊರಿನ ಹೆಂಗಸರ ಸೊಂಟ, ತೋಳು, ಎದೆಯ ಅಳತೆ ತೆಗೆದವಳು. ಅವಳ ಅಂಗಡಿಯಲ್ಲೊಂದು ಪದ್ಧತಿ ಇತ್ತು. ಅಳತೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಟೇಪು ಹಿಡಿದು, ತಾನೇ ತಿರುಗಿ ಪುಸ್ತಕದಲ್ಲಿ ಬರೆದುಕೊಂಡು, ಪುಸ್ತಕ ಮುಚ್ಚಿಬಿಡುತ್ತಿದ್ದಳು. ಈ ಪ್ರವಾಸಕ್ಕೆ ಹೊರಟಾಗಿನಿಂದ ಅವಳು ಕೇಳಿದ್ದು ಒಂದೇ ಒಂದು, ನೀರಿಂದ ಎದ್ದು ನೀರಿಗೇ ಇಳಿಯುವ ಆ ವಿಮಾನ.

ಅಕ್ಕ ಮಷೀನನ್ನೊಮ್ಮೆ ನೋಡಿದಳು, ಬೆಂಚನ್ನೊಮ್ಮೆ ನೋಡಿದಳು. "ನಾನು ದೋಣೀಲಿ ಬರ್ತೀನಿ ಬಿಡಮ್ಮ. ಎತ್ತರಕ್ಕೆ ಹೋದ್ರೆ ನಂಗೆ ತಲೆ ಸುತ್ತುತ್ತೆ."

"ಅಯ್ಯೋ ಅತ್ತಿಗೆ, ಆರು ತಿಂಗಳಿಂದ ಇದನ್ನೇ ಜಪ ಮಾಡ್ತಿದ್ರಲ್ಲ," ಎಂದಳು ತಮ್ಮನ ಹೆಂಡತಿ.

"ಜಪ ಮಾಡೋರೆಲ್ಲ ಮೇಲೆ ಹೋಗಲೇಬೇಕಾ? ನೀವು ಅದರಲ್ಲಿ ಹೋಗಿ, ದ್ವೀಪದಲ್ಲಿ ಸಿಕ್ಕಾಗ ಹೇಳಿ," ಎಂದು ನಗುತ್ತಾ ಅಕ್ಕ ಚೀಲ ಎತ್ತಿಕೊಂಡು ಜೆಟ್ಟಿಯ ಆ ತುದಿಗೆ ನಡೆದೇಬಿಟ್ಟಳು. ತಮ್ಮ ಅವಳನ್ನು ತಡೆಯಲಿಲ್ಲ. ಸುಳ್ಳೇಕೆ ಹೇಳಬೇಕು, ಆ ಗಳಿಗೆಯಲ್ಲಿ ಅವನಿಗೆ ಹಾಯೆನಿಸಿತ್ತು.

ಆ ನೆಮ್ಮದಿ ಹೆಚ್ಚು ಹೊತ್ತು ಉಳಿಯಲಿಲ್ಲ. ಹೆಂಡತಿ ಮುಂದೆ ಹೋಗಿ ವಿಮಾನದ ಮೆಟ್ಟಿಲ ಬಳಿ ಫೋಟೋ ತೆಗೆಯತೊಡಗಿದ್ದಳು. ಹುಡುಗಿ ಅವನನ್ನು ಕರೆದು, ನಿಯಮ ಸಾರ್, ಒಂದ್ಸಲ ನಿಲ್ಲಿ ಎಂದಳು. ನಿಂತ. ಎಂಬತ್ತೆಂಟು. ಬೆಂಚಿನವರು ಇನ್ನೂ ಅಕ್ಕ ಹೋದ ಕಡೆಗೇ ನೋಡುತ್ತಿದ್ದುದರಿಂದ ಆ ಅಂಕಿ ಯಾರ ಕಣ್ಣಿಗೂ ಬೀಳಲಿಲ್ಲ. ಅದೇ ಹೊತ್ತಿಗೆ ಅವಳ ವಾಕಿಟಾಕಿ ಗೊರಗೊರ ಎಂದು ದೋಣಿಯವನ ದನಿ ಕೇಳಿಸಿತು. ಯಾವ ಬದಿಗೆ ಕೂರಿಸಬೇಕೆಂದು ಅವನೂ ಅಕ್ಕನನ್ನು ತೂಗಿದ್ದ. "ಇಲ್ಲಿ ಬಂದೋರು ಎಪ್ಪತ್ತೊಂದು ಕಿಲೋ. ನೀನು ತೊಂಬತ್ತೈದು ಅಂದಿದ್ದೆ?"

ಹುಡುಗಿ ಎರಡು ಅಂಕಿ ಹೊಡೆದು ಹಾಕಿ ಮತ್ತೆ ಕೂಡಿಸಿದಳು. ಮುಖ ಅರಳಿತು. "ಲೆಕ್ಕ ಸರಿಹೋಯ್ತು ಸಾರ್, ಅವರೂ ಇದರಲ್ಲೇ ಬರಬಹುದು. ದೋಣಿ ಇನ್ನೂ ಬಿಟ್ಟಿಲ್ಲ. ಕರೀಲಾ?" ಆಮೇಲೆ ದನಿ ತಗ್ಗಿಸಿ, "ಈ ತೊಂಬತ್ತೈದು ಬರೆದಿದ್ದು ಯಾರು?"

ಕರೆದರೆ ಅಕ್ಕ ಬರುತ್ತಾಳೆ. ಯಾಕೆ ಕರೆದರೆಂದು ಹೆಂಡತಿ ಕೇಳುತ್ತಾಳೆ, ಬೆಂಚಿನವರೆಲ್ಲ ಕಿವಿ ನೆಟ್ಟಗೆ ಮಾಡುತ್ತಾರೆ, ಎಂಬತ್ತೆಂಟು ಹೊರಗೆ ಬೀಳುತ್ತದೆ. ಇಷ್ಟನ್ನು ಯೋಚಿಸಲು ಅವನಿಗೆ ಒಂದು ಉಸಿರೂ ಬೇಕಾಗಲಿಲ್ಲ.

"ಅವಳೇ ಬರೆದಿದ್ದು," ಎಂದ. "ಕರೀಬೇಡಿ ಬಿಡಿ. ಭಯ ಅವಳಿಗೆ."

ವಿಮಾನ ನೀರು ಸೀಳಿಕೊಂಡು ಮೇಲೆದ್ದಾಗ ಪಕ್ಕದ ಸೀಟು ಖಾಲಿಯೇ ಇತ್ತು. ಕೆಳಗೆ ಹಸಿರು ನೀರು, ನೀಲಿ ನೀರು, ಅದರ ನಡುವೆ ಬೆಂಕಿಪೊಟ್ಟಣದಷ್ಟು ದೋಣಿ. ಅದರಲ್ಲಿ ಕಿತ್ತಳೆ ಜಾಕೆಟ್ಟಿನ ಒಬ್ಬಳು ಕತ್ತೆತ್ತಿ ಎರಡೂ ಕೈ ಬೀಸುತ್ತಿದ್ದಳು. "ರೀ, ಅತ್ತಿಗೆ, ಅತ್ತಿಗೆ," ಎಂದು ಹೆಂಡತಿ ಗಾಜಿಗೆ ಅಂಟಿಕೊಂಡು ಕೈ ಬೀಸಿದಳು. ಅವನು ಹೊಟ್ಟೆಗೆ ಒತ್ತುತ್ತಿದ್ದ ಬೆಲ್ಟು ಸರಿಮಾಡುವವನಂತೆ ತಲೆ ತಗ್ಗಿಸಿದ. ದ್ವೀಪ ಬರುವವರೆಗೂ ಕೆಳಗೆ ನೋಡಲಾಗಲಿಲ್ಲ.

ದೋಣಿ ಬಂದು ಸೇರುವಾಗ ಒಂದು ಗಂಟೆ ಕಳೆದಿತ್ತು. ಹೆಂಡತಿ ನೆರಳು ಹುಡುಕಿಕೊಂಡು ಹೋಗಿದ್ದಳು. ಅಕ್ಕ ಮೊಣಕಾಲವರೆಗೆ ನೆನೆದು, ತುಟಿಯ ಮೇಲೆ ಉಪ್ಪು ಕಟ್ಟಿಕೊಂಡು ಇಳಿದಳು. "ಹೇಗಿತ್ತೋ? ನಾನು ಕಂಡೆನಾ?"

"ಕಂಡೆ," ಎಂದ. "ಅಕ್ಕ, ಆ ಫಾರಂ..."

"ಅದಾ? ದೋಣಿಯವನು ಪಾಪ, ತೊಂಬತ್ತೈದು ಬರುತ್ತೆ ಅಂತ ಗಟ್ಟಿ ಹಲಗೆ ಹಾಕ್ಕೊಂಡು ಕಾಯ್ತಿದ್ದ. ನಾನೇ ಕನ್ನಡಕ ಇಲ್ದೆ ತಪ್ಪು ಬರೆದೆ ಅಂದೆ."

ಅಕ್ಕ ಮಾತಾಡುತ್ತಲೇ ಅವನ ಅಂಗಿಯ ಬದಿಯ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದಳು. ಹೊಟ್ಟೆಯ ಮೇಲೆ ಗುಂಡಿ ಬಿರಿಯುವಂತಿತ್ತು. ಅದು ಅವಳೇ ಹೊಲಿದು ಕೊಟ್ಟಿದ್ದ ಅಂಗಿ.

"ಊರಿಗೆ ಹೋದ್ಮೇಲೆ ಇದನ್ನ ಬಿಚ್ಚಿ ಸಡಿಲ ಮಾಡ್ಕೊಡ್ತೀನಿ. ಒಳಗೆ ಎರಡು ಬೆರಳು ಬಟ್ಟೆ ಬಿಟ್ಟೇ ಹೊಲಿದಿದ್ದೆ," ಎಂದಳು. ಆಮೇಲೆ ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿ, ದನಿ ಇಳಿಸಿ ಹೇಳಿದಳು, "ಅಳತೆ ಯಾರಿಗೂ ಹೇಳಲ್ಲ."